ಪಾಲಕ್ಕೆ ಮನೆ ನಂಬರು ಕೇಳಿದವರಿಗೆ

ಅಪ್ರೆಂಟಿಸ್ ಭರ್ತಿಯ ಮಾನ್ಯ ಅಧಿಕಾರಿಗಳೇ,

ನಾನು ಸುಳ್ಳು ಬರೆದುಕೊಡಲಿಲ್ಲವೆಂದು ನಿಮ್ಮ ಕಚೇರಿ ಒಬ್ಬ ಹುಡುಗಿಯ ಕೆಲಸ ತಡೆದಿದೆ. ಮರಾಠಿಯಲ್ಲಿ ಕೊಟ್ಟ ತಕರಾರು ಅರ್ಜಿಗೆ ಎರಡು ತಿಂಗಳಾದರೂ ಉತ್ತರವಿಲ್ಲ. ಅದಕ್ಕೇ ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹುಡುಗಿ ಕಾಂಚನ, ಹತ್ತೊಂಬತ್ತರವಳು, ಎಂಟನೆಯ ಇಯತ್ತೆ ಪಾಸು. ಘಿಸಾಡಿ ಜನ, ಊರೂರು ಅಲೆದು ಕಬ್ಬಿಣ ಬಡಿಯುವವರು. ಅವಳಪ್ಪ ಧೋಂಡಿಬಾ ಪ್ರತಿ ವರ್ಷ ಸುಗ್ಗಿಗೆ ಮುಂಚೆ ಮಾಲಗಾಂವದ ನಮ್ಮ ಹೊಲದ ಬದುವಿಗೆ ತಾಡಪತ್ರಿಯ ಪಾಲ, ಅಂದರೆ ಡೇರೆ, ಹೊಡೆದು ಕುಲುಮೆ ಹೂಡುತ್ತಾನೆ. ಅವರಲ್ಲಿ ಗಂಡಸು ಇಕ್ಕಳ ಹಿಡಿದರೆ ದೊಡ್ಡ ಸುತ್ತಿಗೆ ಎತ್ತುವವಳು ಹೆಂಗಸು. ಕಾಂಚನ ಹನ್ನೆರಡು ವರ್ಷದವಳಿದ್ದಾಗಿನಿಂದ ಎತ್ತುತ್ತಿದ್ದಾಳೆ. ಈಗ ಎಲ್ಲರೂ ಮಿರಜದ ಅಂಗಡಿಯಿಂದ ಸಿದ್ಧ ಕುಡಗೋಲು ತರುತ್ತಾರೆ. ನಾನೂ ತಂದಿದ್ದೇನೆ. ಕುಪವಾಡದ ಒಂದು ಕಾರಖಾನೆಯವರು ಅವಳ ಕೈಕೆಲಸ ನೋಡಿ ವೆಲ್ಡಿಂಗ್ ಕಲಿಸಲು ಒಪ್ಪಿದರು. ಅಲೆಮಾರಿಗಳ ಮೀಸಲು ಜಾಗಕ್ಕೆ ನಿಮ್ಮ ಮಂಜೂರಿ ಕಾಗದವೊಂದು ಸಾಕಿತ್ತು.

ಆ ಕಾಗದಕ್ಕೆ ಕಾಯಂ ವಿಳಾಸ ಬೇಕಂತೆ. ಅವಳೊಂದಿಗೆ ನಾನೇ ಸಾಂಗಲಿಯ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಬಲು ಉಪಕಾರಿ, ದಾರಿ ತೋರಿಸಿದರು.

"ಮಾವಶಿ, 'ಈಕಿ ನಮ್ಮ ಮನ್ಯಾಗ ಭಾಡಗಿಗೆ ಅದಾಳ' ಅಂತ ಬರದು ಸಹಿ ಮಾಡ್ರಿ. ಮುಗೀತು."

"ಮನ್ಯಾಗ ಇಲ್ಲೋ ತಮ್ಮಾ. ಹೊಲದಾಗ, ಪಾಲದಾಗ ಅದಾಳ. ಹಂಗ ಬರಕೋ."

"ಪಾಲಕ್ಕ ಮನಿ ನಂಬರ ಇರತೈತೇನ್ರಿ?"

"ಇರೂದಿಲ್ಲ. ಅದನ್ನೂ ಬರಕೋ."

"ನೀವು ಬಸದಿಗೆ ಹೋಗ್ರಿ ಮಾವಶಿ, ಕಚೇರಿಗೆ ಯಾಕ ಬರ್ತೀರಿ?" ಎಂದು ನಕ್ಕರು. ಬಸದಿಯಲ್ಲಿ ಮುನಿಗಳ ಮುಂದೆಯೇ ನಾನು ಸುಳ್ಳಾಡೆನೆಂದು ವ್ರತ ಹಿಡಿದದ್ದು. ಸಹಿ ಮಾಡಲಿಲ್ಲ. ಅರ್ಜಿ ವಾಪಸಾಯಿತು.

ಮರಳುವ ಬಸ್ಸಿನಲ್ಲಿ ಕಾಂಚನ ಒಂದೇ ಮಾತು ಆಡಿದಳು: "ಕಾಕೂ, ನಿಮ್ಮ ವ್ರತ ಉಳೀತು. ನನ್ನ ಕೆಲಸ ಹೋತು."

ನೀವು ಓದಿದವರು, ನೀವೇ ಹೇಳಿ. ಇವರನ್ನು ಅಲೆಮಾರಿಗಳೆಂದು ಪಟ್ಟಿಗೆ ಸೇರಿಸಿದ್ದು ಸರಕಾರ. ಅಲೆಮಾರಿಗಳೆಂದೇ ಜಾಗ ಕಾದಿರಿಸಿದ್ದೂ ಸರಕಾರ. ಆ ಜಾಗ ಕೇಳಲು ಬಂದರೆ, "ಎಲ್ಲಿ ನೆಲೆ ನಿಂತಿದ್ದೀರಿ, ತೋರಿಸಿ" ಎನ್ನುವುದೂ ಅದೇ ಸರಕಾರವೇ? ಪುರಾವೆಯೇ ಬೇಕಾದರೆ ನಮ್ಮೂರಿಗೆ ಬನ್ನಿ, ಮನೆಮನೆಯ ಹಳೆಯ ಕೊಡಲಿ ತೆಗೆಸಿ ತೋರಿಸುತ್ತೇನೆ. ಧೋಂಡಿಬಾನ ಅಪ್ಪ ಹದ ಮಾಡಿದವೂ ಇವೆ. ಆದರೆ ನಿಮಗೆ ಕೊಡಲಿ ಬೇಡ, ಕಾಗದ ಬೇಕು. ಸುಳ್ಳಾದರೂ ನಡೆಯುತ್ತದೆ, ಮನೆ ನಂಬರಿದ್ದರೆ ಸರಿ.

ಬರುವ ಸೋಮವಾರದವರೆಗೆ ಮಾತ್ರ ಕಾಯುತ್ತೇವೆಂದು ಕಾರಖಾನೆಯವರು ಹೇಳಿದ್ದಾರೆ. ಪಾಲ ಇರುವ ಊರನ್ನೇ ವಿಳಾಸವೆಂದು ಬರೆದುಕೊಳ್ಳಿ. ಊರಿನ ಐದು ಜನರ ಸಾಕ್ಷಿ ಸಾಕೆನ್ನಿ. ಮೊದಲ ಸಹಿ ನನ್ನದು. ಐವತ್ತನೆಯ ವಯಸ್ಸಿನಲ್ಲಿ ವ್ರತ ಮುರಿಯಲು ನನಗೆ ಹೆದರಿಕೆ. ಆ ಹುಡುಗಿಯ ಮುಖ ನೋಡಲು ಅದಕ್ಕಿಂತ ಹೆದರಿಕೆ. ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಅವಳೊಂದಿಗೆ ಬರುತ್ತೇನೆ. ನನ್ನಿಂದ ನಿಜ ಬರೆಸಿಕೊಳ್ಳುತ್ತೀರೋ ಸುಳ್ಳು ಬರೆಸಿಕೊಳ್ಳುತ್ತೀರೋ, ಅಷ್ಟರೊಳಗೆ ತೀರ್ಮಾನಿಸಿ.

ಇಂತಿ,
ನಿಜ ಹೇಳಿ ತಪ್ಪಿತಸ್ಥಳಾದ
ಜಿನಮತಿ ಪಾಟೀಲ, ಮಾಲಗಾಂವ