ಹೊಲಿಯದೆ ಬಿಟ್ಟ ಮೂಲೆ

ಜನವರಿ 9, ಸೋಮವಾರ

ಬೆಳಗ್ಗೆಯಿಂದ ಪ್ರಿಂಟರುಗಳ ಸೇವೆ. ಎಲ್ಲಕ್ಕೂ ಒಂದೇ ರೋಗ, ಒಳಗೆ ಹಾಳೆ ಸಿಕ್ಕಿಕೊಂಡಿದೆ. ಒಂದರಲ್ಲಿ ಹಾಳೆಯ ಜೊತೆ ಹಲ್ಲಿಮರಿ. ಅದನ್ನು ಕೊಟ್ರಪ್ಪಕಾಕಾ ತೆಗೆದರು. ಅಂಗಡಿಯ ಮಾಲೀಕರಾದರೂ ಹಲ್ಲಿ ತೆಗೆಯುವುದು ಅವರ ಪಾಲು. ಕೆಲಸಕ್ಕೆ ಸೇರಿದ ದಿನವೇ ಮಾತಾಗಿದೆ.

ಮಧ್ಯಾಹ್ನ ಅವನು ಬಂದ. ಲಕ್ಷ್ಮೇಶ್ವರದ ಯೂಸುಫ. ಹೋದ ವಾರ ನನ್ನನ್ನು ನೋಡಲು ಬಂದಿದ್ದವನು! ಅವತ್ತು ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಮಂಡಕ್ಕಿ ಸೂಸ್ಲ ತಿಂದು, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಅವರ ಕಡೆಯಿಂದ ಒಪ್ಪಿಗೆ ಬಂದಾಗಿದೆ. ನಮ್ಮ ಉತ್ತರ ತಿಂಗಳ ಕೊನೆಯ ಭಾನುವಾರ. ಅಪ್ಪ "ಫಿಜಾ ಹೂಂ ಅಂದ್ರ ಹೂಂ" ಅಂದುಬಿಟ್ಟಿದ್ದಾನೆ. ಭಾರವೆಲ್ಲ ನನ್ನ ತಲೆಗೆ.

"ಒಂದು ಗೇಮಿಂಗ್ ಪಿಸಿ ಮಾಡಿಸಬೇಕಾಗಿತ್ರಿ," ಅಂದ. ಗದಗಿನಲ್ಲಿ ಬೇರೆ ಕಂಪ್ಯೂಟರ್ ಅಂಗಡಿಯೇ ಇಲ್ಲ ಎಂಬಂತೆ.

ಕಾಕಾ ಪೇಪರನ್ನು ಮುಖಕ್ಕೆ ಹಿಡಿದು ಕೂತರು. ಪೇಪರ್ ನಿನ್ನೆಯದು.

ಜನವರಿ 10

ಇವತ್ತೂ ಬಂದಿದ್ದ. ಒಂದೊಂದೇ ಭಾಗ ಆರಿಸುತ್ತ ಕೂತೆವು. ಯಾವ ಗೇಮು ಆಡುತ್ತಾನೆ ಕೇಳಿದೆ. ಕಾರ್ ರೇಸಂತೆ. ಅವರದು ಪೈಪು, ಪಂಪುಗಳ ಅಂಗಡಿ. ಬಾಗಿಲು ಹಾಕಿದ ಮೇಲೆ ತಾಸೊಪ್ಪತ್ತು ಆಡುವುದು.

ಮೊದಲು ಗ್ರಾಫಿಕ್ಸ್ ಕಾರ್ಡ್. ಆಮೇಲೆ ಅದಕ್ಕೆ ತಕ್ಕ ಪ್ರೊಸೆಸರ್. ಕಾರ್ಡ್ ದೊಡ್ಡದು, ಪ್ರೊಸೆಸರ್ ಸಣ್ಣದು ಹಾಕಿದರೆ ಕಾರ್ಡ್ ಸುಮ್ಮನೆ ಕಾಯುತ್ತ ಕೂರುತ್ತೆ ಅಂದೆ.

"ಅಂದ್ರ ಬೋರಿಗೆ ನೀರು ಭರ್ಪೂರ್ ಬಿದ್ದೈತಿ, ಪೈಪ್ ಮಾತ್ರ ಅರ್ಧ ಇಂಚಿಂದು!"

ನಗು ಬಂತು. ಕಾಕಾರ ಪೇಪರ್ ಸ್ವಲ್ಪ ಅಲುಗಿತು. ಚುರುಕು ಇದ್ದಾನೆ. ಒಂದು ಸಲ ಹೇಳಿದರೆ ಸಾಕು. ಹೆಣ್ಣು ಹೇಳುತ್ತಾಳೆ ಅಂತ ಮುಖ ಗಂಟು ಹಾಕುವವನಲ್ಲ. ಅಂಥವರು ದಿನಕ್ಕೊಬ್ಬರು ಬರುತ್ತಾರೆ, ಅಂಗಡಿಯಲ್ಲಿ ಗಂಡಸರು ಯಾರೂ ಇಲ್ಲವೇ ಅಂತ ಕೇಳಿಕೊಂಡು.

ಆಮೇಲೆ ಎಸ್‌ಎಂಪಿಎಸ್‌ ಹತ್ತಿರ ಬಂದೆವು.

"ಅದನ್ನ ಲೋಕಲ್ ಹಾಕ್ರಿ. ಉಳಿದದ್ದರಾಗ ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನ ಫ್ಯಾನ್ ಹಾಕಿಬಿಡ್ರಿ."

"ಯಾಕ್ರಿ?"

"ಒಳಗ ಒಂದು ಮೂಲ್ಯಾಗ ಕುಂಡ್ರೂ ಡಬ್ಬಿ. ಯಾರಿಗೆ ಕಾಣ್ತೈತ್ರಿ?"

ಕರೆಂಟನ್ನು ಒಳಗಿನ ಎಲ್ಲಕ್ಕೂ ಹಂಚುವುದೇ ಆ ಡಬ್ಬಿ. ಮೇಲ್ನೋಟಕ್ಕೆ ಲೋಕಲ್ಲಿಗೂ ಒಳ್ಳೆಯದಕ್ಕೂ ಏನೂ ಫರಕು ಇಲ್ಲ. ಲೋಡ್ ಬಿದ್ದಾಗ ತಿಳಿಯುವುದು. ಹೋದರೆ ತಾನೊಂದೇ ಹೋಗುವುದಿಲ್ಲ, ಬೋರ್ಡು, ಕಾರ್ಡು ಎಲ್ಲವನ್ನೂ ಕರೆದುಕೊಂಡು ಹೋಗುತ್ತೆ. "ಲೋಕಲ್ ನಾ ಹಾಕೂದಿಲ್ರಿ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ನಕ್ಕ. ವಿಚಾರ ಮಾಡ್ತೀನಿ ಅಂತ ಎದ್ದು ಹೋದ.

ಸಂಜೆಯಿಡೀ ಆ ಮಾತೇ ತಲೆಯಲ್ಲಿ... ಯಾರಿಗೆ ಕಾಣ್ತೈತಿ. ಹುಟ್ಟಿದಾಗಿನಿಂದ ಅಪ್ಪ ಗಾದಿ ಹೊಲಿಯುವುದನ್ನು ನೋಡಿದವಳು ನಾನು. ರಹಮಾನಸಾಬನ ಗಾದಿ ಅಂದರೆ ಬೆಟಗೇರಿಯಲ್ಲಿ ಒಂದು ಹೆಸರು. ಅಪ್ಪನದು ಒಂದು ಹಟ. ಹತ್ತಿ ತುಂಬಿ, ಸುತ್ತ ಹೊಲಿದು, ಒಂದು ಮೂಲೆ ಹಾಗೇ ಬಿಡುತ್ತಾನೆ. ಗಿರಾಕಿ ಬಂದು, ಒಳಗೆ ಕೈ ಹಾಕಿ, ಹತ್ತಿ ಹಿಚುಕಿ ನೋಡಿ ಹೂಂ ಅಂದ ಮೇಲೆಯೇ ಆ ಮೂಲೆಗೆ ದಬ್ಬಣ. ಮೇಲೆ ಚಲೋ ಹತ್ತಿ ಹಾಕಿ, ನಡುವೆ ಚಿಂದಿ ತುರುಕುವವರಿದ್ದಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಗಂಟು ಗಂಟು.

ಈಗ ನಡುಮನೆಯಲ್ಲಿ ಮೂಲೆ ಹೊಲಿಯದ ಒಂದು ಗಾದಿ ಬಿದ್ದಿದೆ. ಹಿರೇವಡ್ಡಟ್ಟಿಯಿಂದ ತರಿಸಿದ ಹತ್ತಿ. ಯಾರದು ಅಂದರೆ ಅಪ್ಪ ಬಾಯಿ ಬಿಡುವುದಿಲ್ಲ. ಅವ್ವ ನನ್ನ ಕಡೆ ನೋಡಿ ನಗುತ್ತಾಳೆ.

ಜನವರಿ 13

ಬಂದ! ಕೈಯಲ್ಲಿ ಎಲ್ಲರಿಗೂ ಗಿರಮಿಟ್, ಮಿರ್ಚಿ.

"ಲೈಟ್ ಬ್ಯಾಡ್ರಿ. ಎಸ್‌ಎಂಪಿಎಸ್ ನೀವು ಹೇಳಿದ್ದ ಹಾಕ್ರಿ."

ಕಾಕಾ ಮಿರ್ಚಿ ತಿನ್ನುವ ನೆಪದಲ್ಲಿ ಹೊರಗೆ ಹೋದರು. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಮದುವಿ ಆದ್ರ... ನಾ ಇಲ್ಲಿ ಕೆಲಸಕ್ಕ ಬರಾಕ ನಿಮ್ಮ ಮನ್ಯಾಗ ಏನಂತಾರ್ರಿ?"

"ಬರ್ರಿ! ಯಾರು ಬ್ಯಾಡ ಅಂತಾರ? ದಿನಾ ಮುಂಜಾನೆ ಬಸ್‌ಸ್ಟ್ಯಾಂಡಿಗೆ ನಾನ ಬಿಡ್ತೀನಿ."

ನನಗೆ ಇವನು ಹಿಡಿಸಿದ್ದಾನೆ. ಬರೆದೇ ಬಿಟ್ಟೆ. ಇದನ್ನು ಯಾರು ಓದಬೇಕು?

ಜನವರಿ 19

ಹುಬ್ಬಳ್ಳಿಯಿಂದ ಸಾಮಾನು ನಿನ್ನೆ ಬಂತು. ಇವತ್ತು ಪೂರ್ತಿ ಅದರದೇ ಕೆಲಸ. ಬೇರೆ ಯಾವ ರಿಪೇರಿಗೂ ಕೈ ಹಚ್ಚಲಿಲ್ಲ. ಪ್ರೊಸೆಸರ್ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತೇನೆ, ಇವತ್ತಿಗೂ. ಬೋರ್ಡಿನ ಹಿಂದೆ ಹಾಯುವ ವೈರುಗಳನ್ನು ಒಂದೊಂದಾಗಿ ಸೇರಿಸಿ ಕಟ್ಟಿದೆ. ತಗಡು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಎರಡು ಸಲ ಬಿಚ್ಚಿ ಕಟ್ಟಿದೆ.

"ಗಿರಾಕಿಗೆ ಮಾಡಾಕತ್ತಿಯೋ, ನಿನ್ನ ಮನಿಗೆ ಮಾಡಾಕತ್ತಿಯೋ?" ಅಂದರು ಕಾಕಾ.

ಕಿವಿ ಬಿಸಿಯಾಯಿತು. ಸಂಜೆವರೆಗೆ ಲೋಡ್ ಕೊಟ್ಟು ಓಡಿಸಿದೆ. ಒಂದು ಸಲವೂ ತಡವರಿಸಲಿಲ್ಲ.

ಜನವರಿ 22, ಭಾನುವಾರ

ಕಾಕಾರ ಗಾಡಿಯಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಪಿಸಿ ಕೂಡಿಸಿ ಬಂದೆವು. ಉತ್ತರ ಕೊಡುವ ಮೊದಲೇ ಆ ಮನೆಗೆ ಹೋಗುವುದಾ ಅಂತ ಅವ್ವ ತಕರಾರು ತೆಗೆದಳು. ಕಾಕಾ ಬಾಗಿಲಲ್ಲೇ ನಿಂತು "ನಮಗದು ಗಿರಾಕಿ ಮನಿ, ಮೋತಿಬಿ" ಅಂದರು. ಶಿರಹಟ್ಟಿ ಮೇಲೆ ಹೋದೆವು. ರಸ್ತೆಯ ಕುಲುಕಾಟಕ್ಕೆ ಹೆದರಿ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಕೂಸಿನ ಹಾಗೆ.

ಅವನ ತಾಯಿ ಅಲ್ಮಾಸಬಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಕಿಟಕಿಯ ಪಕ್ಕ ಹೊಸ ಟೇಬಲ್, ಮೆತ್ತನೆಯ ಕುರ್ಚಿ.

"ನಿನಗಂತನ ಹಾಕಿಸೀನಿ ಯವ್ವಾ. ಬೆಳಕು ಚಲೋ ಬರ್ತೈತಿ."

ನನಗೆ ತಿಳಿಯಲಿಲ್ಲ. "ನನಗ್ಯಾಕ್ರೀ ಅವ್ವಾರ?"

"ಆ ಅಂಗಡಿ ಬಿಡ್ತಾಳ, ಮನ್ಯಾಗ ಕುಂತ ಕೆಲಸ ಮಾಡ್ತಾಳ, ಅದಕ್ಕ ಕಂಪ್ಯೂಟರ್ ಮನಿಗೇ ತರಸಾಕತ್ತೀನಿ ಅಂತ ಯೂಸುಫ ಹೇಳ್ಯಾನಲ್ಲ."

ಅವನು ಪ್ಲಗ್ ಹುಡುಕುತ್ತ ಟೇಬಲ್ಲಿನ ಕೆಳಗೆ ಬಗ್ಗಿದ್ದ. ಪ್ಲಗ್ ಕಣ್ಣೆದುರೇ ಇತ್ತು.

ಕಾರ್ಡ್ ಕೂರಿಸಿದೆ. ಆಮೇಲೆ ಎಲ್ಲರ ಎದುರೇ ಕೇಳಿದೆ. "ಯೂಸುಫ, ಅವ್ವಾರ ಮುಂದ ಹೇಳಿಬಿಡ್ರಿ. ನಾ ಅಂಗಡಿಗೆ ಹೋಗೂದೋ, ಬಿಡೂದೋ?"

ಅವನು ತಾಯಿಯನ್ನು ನೋಡಿದ. ನನ್ನನ್ನು ನೋಡಿದ. ಅಂಗಡಿಯಲ್ಲಿ ನಕ್ಕಿದ್ದ ಆ ನಗುವೇ ನಕ್ಕ.

"ಈಗ್ಯಾಕ್ರಿ ಅದು? ಮೊದಲ ಚಾಲೂ ಮಾಡೂಣು, ತಡೀರಿ."

ಉತ್ತರ ಕೊಟ್ಟವರು ಅಲ್ಮಾಸಬಿ. "ಖರೇ ಹೇಳ್ತೀನಿ ಯವ್ವಾ, ಸಿಟ್ಟಾಗಬ್ಯಾಡ. ಸೊಸಿ ದಿನಾ ಬಸ್ ಹತ್ತಿ ಹೋಗೂದು ನನಗ ಸೇರೂದಿಲ್ಲ. ಮುಂಜಾನಿಂದ ಸಂಜೀತನಕ ಗ್ವಾಡಿ ಕೂಡ ಮಾತಾಡಿ ಸಾಕಾಗೈತಿ ನನಗ. ಮನ್ಯಾಗೊಂದು ಜೀವ ಬೇಕು."

ಸಿಟ್ಟು ಬರಲಿಲ್ಲ. ಒಪ್ಪಲಾಗದ ಮಾತು, ಆದರೆ ಒಳಗಿದ್ದದ್ದನ್ನೇ ಹೊರಗೆ ಹೇಳಿದರು. ಅತ್ತೆಯನ್ನೇ ಕಟ್ಟಿಕೊಳ್ಳುವ ಹಾಗಿದ್ದರೆ ಅಲ್ಲೇ ಹೂಂ ಅಂದು ಬರುತ್ತಿದ್ದೆ.

ವಾಪಸ್ ಬರುವಾಗ ಕಾಕಾ ಶಿರಹಟ್ಟಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಸಿದರು.

ಜನವರಿ 26

ಮೂರು ದಿನ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಅವನ ಫೋನ್.

"ಬ್ಯಾಸರಾ ಮಾಡ್ಕೋಬ್ಯಾಡ್ರಿ. ಅವ್ವಗ ಮದುವಿ ಆದಮ್ಯಾಲ ನಿಧಾನಕ ತಿಳಿಸಿ ಹೇಳೂಣು. ನಿಮಗೆಂಗ ಬೇಕೋ ಹಂಗ ಆಗ್ತೈತಿ."

"ಈಗ ಹೇಳ್ರಿ."

"ಈಗ ಹೇಳಿದ್ರ ಆಕಿ ಸಿಟ್ಟಾಗ್ತಾಳ್ರಿ."

"ಆಮ್ಯಾಲ ಸಿಟ್ಟಾದ್ರ ನಾ ಆಕಿ ಮನ್ಯಾಗ ಇರ್ತೀನಲ್ರಿ."

"ಪಿಸಿ ಮಸ್ತ್ ನಡದೈತ್ರಿ" ಅಂದ.

ಭಾನುವಾರದವರೆಗೆ ಕಾಯುತ್ತೇನೆ, ತಾಯಿಗೆ ಹೇಳಿ ಫೋನ್ ಮಾಡ್ರಿ ಅಂದೆ. ಹೂಂ ಅಂದ. ಇವನ ಹೂಂಗಳನ್ನೇ ನಂಬಿ ನನ್ನ ಮನಸ್ಸು ಇಷ್ಟು ದೂರ ಬಂದದ್ದು... ಕೆಟ್ಟವನಲ್ಲ. ತಾಯಿಯ ಮುಂದೆ ತಾಯಿಗೆ ಬೇಕಾದ ಮಾತು, ನನ್ನ ಮುಂದೆ ನನಗೆ ಬೇಕಾದ ಮಾತು. ಅವತ್ತು ಎಸ್‌ಎಂಪಿಎಸ್‌ ಬದಲಿಸಿದ್ದೂ ನನ್ನ ಮೋರೆ ನೋಡಿಯೇ ಇರಬೇಕು. ನಾನು ಅದನ್ನೇ ಗುಣ ಅಂದುಕೊಂಡೆ.

ಜನವರಿ 29, ಭಾನುವಾರ, ಮಧ್ಯಾಹ್ನ

ಫೋನ್ ಬರಲಿಲ್ಲ.

ಅವ್ವ ಬೆಳಗ್ಗೆಯಿಂದ ನನ್ನ ಹಿಂದೆಯೇ ಸುತ್ತಿದಳು. "ಮೊದಲಿನ ಎರಡು ಸಂಬಂಧ ಹಿಂಗ ಹ್ವಾದವು. ಹುಡುಗ ಕೆಟ್ಟಂವ ಅಲ್ಲ, ಫಿಜಾ." ಅದೂ ನಿಜವೇ. ಮೂರನೆಯದೂ ಹೋದರೆ ಜನ ನನ್ನನ್ನಲ್ಲ, ಅವಳನ್ನು ಕೇಳುತ್ತಾರೆ. ಅದೂ ನಿಜ.

ಅಪ್ಪ ಎದುರಿಗೆ ಬಂದು ಕೂತ. "ಏನವಾ?"

"ಬ್ಯಾಡ ಅಪ್ಪಾ."

ಅಪ್ಪ ಎದ್ದು ಹೊರಗೆ ಹೋಗಿ ಲಕ್ಷ್ಮೇಶ್ವರಕ್ಕೆ ಫೋನ್ ಮಾಡಿ ಬಂದ. ಅವ್ವ ಸೆರಗು ಬಾಯಿಗೆ ಹಿಡಿದು ಅಡಿಗೆಮನೆ ಸೇರಿದಳು. ನನಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಅಪ್ಪ ನಡುಮನೆಯ ಗಾದಿಯ ಪಕ್ಕ ಕೂತು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ.

"ಬಾ, ಕೈ ಹಾಕಿ ನೋಡು."

"ಮದುವಿನ ಇಲ್ಲಲ್ಲಪ್ಪಾ ಈಗ."

"ಮದುವಿಗಂತ ಯಾರು ಮಾಡ್ಯಾರ? ನಿನಗಂತ ಮಾಡೀನಿ."

ಮೊಳಕೈವರೆಗೂ ಹಾಕಿದೆ. ಮೇಲೆ, ನಡುವೆ, ತಳದಲ್ಲಿ, ಎಲ್ಲ ಕಡೆ ಒಂದೇ ಹತ್ತಿ. ಅಲ್ಲೇ ಕೂತು ಅತ್ತುಬಿಟ್ಟೆ, ಕೈ ಒಳಗೇ ಇತ್ತು. ಅಳು ಮುಗಿಯುವ ತನಕ ಅಪ್ಪ ದಬ್ಬಣ ಹಿಡಿದು ಕಾದ. ಆಮೇಲೆ ಮೂಲೆ ಹೊಲಿದ, ನನ್ನ ಮಂಚಕ್ಕೆ ತಂದು ಹಾಸಿದ.

ಅದರ ಮೇಲೆ ಬೋರಲು ಮಲಗಿ ಬರೆಯುತ್ತಿದ್ದೇನೆ. ಆ ಎಸ್‌ಎಂಪಿಎಸ್‌ಗೆ ಐದು ವರ್ಷ ವಾರಂಟಿ ಕೊಟ್ಟಿದ್ದೇನೆ. ಅಷ್ಟರೊಳಗೆ ಅವನು ಫೋನ್ ಮಾಡಿದರೆ ಎತ್ತಬೇಕು, ಗಿರಾಕಿ. ಮಾಡಲಿಕ್ಕಿಲ್ಲ. ಅದು ಕೆಡುವ ಮಾಲಲ್ಲ.

ಅವ್ವ ಚಹಾ ತಂದು ಬಾಗಿಲಲ್ಲಿ ನಿಂತಿದ್ದಾಳೆ. ಕಣ್ಣು ಕೆಂಪು. ಈಗ ಒಳಗೆ ಬಂದು ಗಾದಿ ಒತ್ತಿ ನೋಡುತ್ತಿದ್ದಾಳೆ. "ಸರಕೋ, ನಾನೂ ಸ್ವಲ್ಪ ಅಡ್ಡಾಗ್ತೀನಿ" ಅನ್ನುತ್ತ ಪಕ್ಕಕ್ಕೇ ಬಂದಳು. ಡೈರಿ ಮುಚ್ಚಿ ಸರಿದುಕೊಳ್ಳುತ್ತೇನೆ.