ಒಂದೂವರೆ ಗಂಟೆ ದೂರದ ಮಂಗಳ

ಮಾರ್ಚ್ ೮, ಭಾನುವಾರ ಮಧ್ಯಾಹ್ನ
ಅಂಗಡಿಯಿಂದ, ಅರ್ಧ ಬಾಗಿಲು ಎಳೆದುಕೊಂಡು

ನನ್ನ ಕಲ್ಲಿನ ಡಾಕ್ಟ್ರೇ,

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ನಿನ್ನ ಜೊತೆಗಿನ ಮೂವರೂ ಇನ್ನೂ ಜಗಳವಾಡದೆ ಇದ್ದೀರಿ ಎಂದು ನಂಬಿದ್ದೇನೆ. ಈ ಕಾಗದವನ್ನು ನಿನಗಿಂತ ಮೊದಲು ಓದಿ, ಟೈಪ್ ಮಾಡಿ ಒಳಗೆ ಕಳಿಸುವ ಮೇಡಂ ಅವರಿಗೂ ನಮಸ್ಕಾರ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಅವರು ದೂರಿದ್ದರಿಂದ ಈ ಸಲ ನಾನೂ ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಎರಡು ವಾರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಲೆನ್ಸ್ ಉಜ್ಜುವ ಮಷೀನು ಕೆಟ್ಟು ಕೂತಿತ್ತು. ಪರೀಕ್ಷೆ ಹತ್ತಿರ ಬಂತೆಂದು ಊರಿನ ಮಕ್ಕಳಿಗೆಲ್ಲ ಒಟ್ಟಿಗೇ ಬೋರ್ಡು ಕಾಣದಾಯಿತು. ಇದೆಲ್ಲ ನಿಜವೇ. ಆದರೆ ಮನಸ್ಸಿದ್ದರೆ ಮಾರ್ಗ ಎಂದು ನೀನು ಹೇಳುತ್ತೀಯಲ್ಲ, ಅದೂ ನಿಜ. ಪೆನ್ನು ಹಿಡಿದು ಕೂತರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚುತ್ತಿರಲಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಮ್ಮ ಗುಬ್ಬಿಯ ಕೆಳಗಿನ ಮುಂದಿನ ಹಲ್ಲು ಕಳೆದ ತಿಂಗಳು ಬಿತ್ತು. ಏಳು ತುಂಬಿದರೂ ತನ್ನ ಹಲ್ಲು ಮಾತ್ರ ಬೀಳಲಿಲ್ಲ ಎಂದು ಕ್ಲಾಸಿನಲ್ಲಿ ಅವಳಿಗೆ ಭಾರಿ ಅವಮಾನವಾಗಿತ್ತು. ಈಗ ಬಾಯಿ ಮುಚ್ಚುವುದೇ ಇಲ್ಲ, ಕಂಡಕಂಡವರಿಗೆಲ್ಲ ಕಿಸಿದು ತೋರಿಸುತ್ತಾಳೆ. ಹಲ್ಲನ್ನು ಕಾಂಟ್ಯಾಕ್ಟ್ ಲೆನ್ಸಿನ ಡಬ್ಬಿಯಲ್ಲಿಟ್ಟಿದ್ದಾಳೆ, ಎಡಗಣ್ಣಿನ ಗುಳಿಯಲ್ಲಿ. ಬಲಗಣ್ಣಿನದು ಇನ್ನೊಂದಕ್ಕಂತೆ. ನೀನು ನೋಡುವವರೆಗೆ ಯಾರೂ ಮುಟ್ಟುವ ಹಾಗಿಲ್ಲ.

ಮೇಲಿನ ಮನೆಯ ತಾತ ಮೊನ್ನೆ ಮತ್ತೆ ಬಂದಿದ್ದರು. "ಡಾಕ್ಟ್ರು ಬಂದ್ರೇನಪ್ಪಾ? ಮಂಡಿ ಹಿಡ್ಕೊಂಡ್ಬಿಟ್ಟಿದೆ."

"ತಾತ, ಅವಳು ಕಲ್ಲು ನೋಡೋ ಡಾಕ್ಟ್ರು."

"ನನ್ನ ಮಂಡೀನೂ ಕಲ್ಲೇ ಆಗೋಗಿದೆ ಬಿಡು. ಅಷ್ಟಕ್ಕೂ ಎಲ್ಲೋಗಿದಾಳೆ ಅವಳು?"

"ಮಂಗಳ ಗ್ರಹದಲ್ಲಿ ಮನುಷ್ಯರು ಹೇಗಿರಬಹುದು ಅಂತ ಅಭ್ಯಾಸ ಮಾಡ್ತಿದಾರೆ ತಾತ. ಹಳೇ ಕಲ್ಲುಗಣಿ ಹತ್ರ ಗುಮ್ಮಟ ಕಟ್ಕೊಂಡು, ನಾಲ್ಕು ಜನ ಬಾಗಿಲು ಹಾಕ್ಕೊಂಡು ಕೂತಿದಾರೆ. ಬಸ್ಸಲ್ಲಿ ಒಂದೂವರೆ ಗಂಟೆ."

"ಮತ್ತೆ ಹೋಗಿ ಮಾತಾಡಿಸ್ಕೊಂಡು ಬರಬಾರ್ದಾ?"

ಹಾಗೆ ಮಾತಾಡಿಸುವಂತಿಲ್ಲ, ನಿಜವಾದ ಮಂಗಳ ದೂರ ಇರುವುದರಿಂದ ಹೊರಗಿನವರ ಮಾತು ಇಪ್ಪತ್ತು ನಿಮಿಷ ತಡವಾಗಿ ಒಳಗೆ ಮುಟ್ಟಬೇಕು, ಉತ್ತರ ಇನ್ನಿಪ್ಪತ್ತು ನಿಮಿಷ ಬಿಟ್ಟು ಹೊರಗೆ ಬರಬೇಕು, ಅದು ರೂಲು ಎಂದು ಬಿಡಿಸಿ ಹೇಳಿದೆ. ತಾತ ಮಂಡಿ ನೀವಿಕೊಂಡರು. "ನನ್ನ ಹೆಂಡ್ತಿ ಉತ್ತರ ಕೊಡೋಕೆ ನಲವತ್ತು ನಿಮಿಷ ತಗೊಂಡಿದ್ರೆ ನಾನು ಇನ್ನೂ ಹತ್ತು ವರ್ಷ ಚಿಕ್ಕವನಾಗಿ ಕಾಣ್ತಿದ್ದೆ" ಎಂದರು. ನಾನು ನಕ್ಕೆ. ಆಮೇಲೆ ಅಂಗಡಿಗೆ ನಡೆದು ಬರುವಾಗ ಯಾಕೋ ಆ ಮಾತು ನಗುವಿನದಲ್ಲ ಅನ್ನಿಸಿತು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಒಳಗೆ ಹೋಗುವ ಮುಂಚೆ ನೀನು ನನಗೊಂದು ಕೆಲಸ ಒಪ್ಪಿಸಿದ್ದೆ. ಗ್ರಹವಿಜ್ಞಾನದವರಿಗೆಂದು ಪ್ರತಿ ಸೋಮವಾರ ಬರುವ ನಿಮ್ಮ ವಾರಪತ್ರವನ್ನು ತೆರೆದು, ಎಲ್ಲಿ ಏನು ಕೆಲಸವಿದೆ ಎಂದು ಗುರುತು ಹಾಕಿಡು ಎಂದಿದ್ದೆ. ತಪ್ಪದೆ ಮಾಡಿದ್ದೇನೆ. ಮೊದಮೊದಲು ತಲೆಬುಡ ತಿಳಿಯುತ್ತಿರಲಿಲ್ಲ. ಈಗ ಟೀ ಕುಡಿಯುತ್ತಾ ಸರಾಗವಾಗಿ ಓದುತ್ತೇನೆ. ಫೆಲೋಶಿಪ್ಪು, ಕಾರ್ಯಾಗಾರ, ಉಲ್ಕೆಯವರ ಸಭೆ. ಧೂಳಿನ ಮೇಲೆ ಮೂರು ದಿನದ ಸಮ್ಮೇಳನವಂತೆ! ನಿಮ್ಮಮ್ಮನನ್ನು ಕರೆದಿದ್ದರೆ ಒಂದೇ ಪೊರಕೆಯಲ್ಲಿ ಮುಗಿಸಿಕೊಡುತ್ತಿದ್ದರು. ಕೆಲಸಗಳು ಮಾತ್ರ ಎಲ್ಲ ಒಂದೇ ಥರ. ಒಂದು ವರ್ಷಕ್ಕೆ; ದುಡ್ಡು ಬಂದರೆ ಇನ್ನೊಂದು ವರ್ಷಕ್ಕೆ. ಮದುವೆಯಾದಾಗಿನಿಂದ ನೀನು ಹೀಗೆ ಕುರ್ಚಿಯಿಂದ ಕುರ್ಚಿಗೆ ಹಾರಿದ್ದನ್ನು ನೋಡಿದ್ದೇನೆ. ಯಾವ ಮೇಜಿನ ಮೇಲೂ ನಿನ್ನ ಹೆಸರಿನ ಹಲಗೆಯ ಬಣ್ಣ ಮಾಸುವಷ್ಟು ಕಾಲ ನೀನು ಕೂತಿದ್ದಿಲ್ಲ.

ಎರಡು ವಾರದ ಹಿಂದಿನ ಸೋಮವಾರ ಕಣ್ಣಿಗೆ ಬಿತ್ತು ನೋಡು. ನಮ್ಮ ಅಂಗಡಿಯಿಂದ ಎರಡೇ ಸ್ಟಾಪು ಆಚೆಯ ಕಾಲೇಜು. ಗ್ರಹವಿಜ್ಞಾನ ಕಲಿಸುವವರು ಬೇಕು. ಕಾಯಂ! ನಾನು ಹೋ ಎಂದು ಕೂಗಿದ ರಭಸಕ್ಕೆ, ಟೆಸ್ಟ್ ಮಾಡಿಸಿಕೊಳ್ಳಲು ಫ್ರೇಮು ತೊಟ್ಟು ಕೂತಿದ್ದ ಹೆಂಗಸು ಎದ್ದು ನಿಂತರು. "ಏನಾಯ್ತು, ನನ್ನ ಕಣ್ಣಿಗೇನಾದ್ರೂ ಆಗಿದ್ಯಾ?" ಎಂದು ಕೇಳಿದರು ಪಾಪ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದರ ಕೆಳಗೇ ಇನ್ನೊಂದು ಪ್ರಕಟಣೆ ಇತ್ತು. ಗುಮ್ಮಟದ ಎರಡನೆಯ ತಂಡಕ್ಕೆ ಹೊಸಬರು ಮೂವರು ಬೇಕು, ಎಂಟು ತಿಂಗಳು ಒಳಗಿರಬೇಕು. ತಂಡದ ಮುಂದಾಳುವಾಗಿ ಈಗ ಒಳಗಿರುವ ಉಪ್ಪುಕಲ್ಲಿನ ತಜ್ಞರನ್ನೇ ಮುಂದುವರಿಯಲು ಕೇಳಲಾಗಿದೆ. ಅವರ ಒಪ್ಪಿಗೆಗೆ ಕಡೆಯ ದಿನ ಮಾರ್ಚ್ ಹದಿಮೂರು.

ನಿಮ್ಮ ನಾಲ್ವರಲ್ಲಿ ಒಬ್ಬ ಮೆಕ್ಯಾನಿಕ್, ಒಬ್ಬರು ಗಿಡ ಬೆಳೆಸುವವರು, ಒಬ್ಬರು ತಾತನ ಮಂಡಿ ನೋಡಬಲ್ಲಂಥ ಡಾಕ್ಟ್ರು. ಉಪ್ಪುಕಲ್ಲು ಅಂದರೆ ನೀನೇ.

ಇಪ್ಪತ್ತೆರಡಕ್ಕೆ ಬಾಗಿಲು ತೆರೆಯುತ್ತೆ, ನೀನು ಮನೆಗೆ ಬರುತ್ತೀ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುಬ್ಬಿ ಸೂರ್ಯನ ಚಿತ್ರ ಬರೆದಿದ್ದಾಳೆ. ಬರುತ್ತೀಯೋ ಇಲ್ಲವೋ? ಅವರು ನಿನ್ನನ್ನು ಕೇಳಿ ಎಷ್ಟು ದಿನವಾಯಿತೋ, ನನಗೆ ಯಾಕೆ ಬರೆಯಲಿಲ್ಲವೋ, ಬರೆಯುವ ಹಾಗಿಲ್ಲವೋ, ಬರೆಯುವುದು ಬೇಡವೆನಿಸಿತೋ, ಒಂದೂ ಅರ್ಥವಾಗುತ್ತಿಲ್ಲ. ಮೇಡಂಗೆ ಫೋನ್ ಮಾಡಿದೆ. "ಅದನ್ನ ನಾವು ಹೇಳೋ ಹಾಗಿಲ್ಲ ಸಾರ್. ಅವರೇ ತಿಳಿಸ್ತಾರೆ" ಎಂದರು. (ಮೇಡಂ, ನಿಮ್ಮ ಮೇಲೆ ಬೇಜಾರಿಲ್ಲ. ಈ ಸಾಲು ಬೇಡವಾದರೆ ಹೊಡೆದುಹಾಕಿ.)

ನಿಮ್ಮಮ್ಮನಿಗೆ ಹೇಳಿದೆ. ಮೊದಲು, "ನನ್ನ ಮಗಳೇ ಮುಂದಾಳಾ!" ಎಂದು ಕಣ್ಣು ತುಂಬಿಕೊಂಡರು. ಎರಡು ನಿಮಿಷಕ್ಕೆ, "ಹೆತ್ತ ಮಗೂನ ಬಿಟ್ಟು ಇನ್ನೂ ಎಂಟು ತಿಂಗಳಾ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಮಾತು ಇಬ್ಬರ ಜಗಳಕ್ಕೆ ಹೇಳುವುದು. ನನ್ನೊಬ್ಬನೊಳಗೇ ಎತ್ತೂ ಕೋಣವೂ ಎರಡೂ ಸೇರಿಕೊಂಡಿವೆ ಕಣೇ.

ಬೆಳಿಗ್ಗೆ ಎದ್ದಾಗ, ಹೋಗಲಿ, ಇಂಥ ಅವಕಾಶ ಇವಳಿಗೆ ಮತ್ತೆ ಬರುತ್ತದೆಯೇ ಅನ್ನಿಸುತ್ತದೆ. ಗಿರಾಕಿಗಳ ಹತ್ತಿರ, "ನನ್ನ ಹೆಂಡತಿ ಮಂಗಳದ ತಂಡಕ್ಕೆ ಮುಂದಾಳು" ಎಂದು ಜಂಬ ಕೊಚ್ಚಿಕೊಂಡದ್ದೂ ಉಂಟು. ಮಧ್ಯಾಹ್ನ ಗುಬ್ಬಿಯ ಟಿಫಿನ್ ಡಬ್ಬಿ ತೊಳೆಯುವಾಗ, ಯಾವ ಮಂಗಳ, ಯಾವ ಗುಮ್ಮಟ, ಬೇಲಿ ಹಾರಿ ಹೋಗಿ ಬಾಗಿಲು ಬಡಿಯುತ್ತೇನೆ ಅನ್ನಿಸುತ್ತದೆ. ನಾನು ಬಾ ಎಂದು ಬರೆದರೆ, ನಿನ್ನ ಕಾಲಿಗೆ ಕಲ್ಲು ಕಟ್ಟಿದವನಾಗುತ್ತೇನೆ. ಇರು ಎಂದು ಬರೆದರೆ, ಇವನಿಗೆ ನಾನು ಬೇಕಾಗಿಲ್ಲ ಎಂದು ನೀನು ತಿಳಿದರೆ? ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ಎರಡು ವಾರ ಕಳೆದಿದ್ದೇನೆ, ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಬಾಗಿಲು ತೆರೆದ ದಿನ ನಿನಗೆ ಬಿಸಿಲು ಚುಚ್ಚಬಾರದೆಂದು ಒಂದು ಕಪ್ಪು ಕನ್ನಡಕ ಮಾಡಿಟ್ಟಿದ್ದೇನೆ. ನಿನ್ನ ನಂಬರಿನದೇ. ನಿನ್ನ ಎಡಕಿವಿ ಸ್ವಲ್ಪ ಮೇಲಿದೆಯಲ್ಲ, ಅದಕ್ಕೆ ಸರಿಯಾಗಿ ಕಡ್ಡಿ ಬಗ್ಗಿಸಿದ್ದೇನೆ. ನೀನು ಮೊದಲ ಸಲ ಅಂಗಡಿಗೆ ಬಂದು ಮುರಿದ ಕನ್ನಡಕ ಮೇಜಿನ ಮೇಲಿಟ್ಟು, "ನನ್ನ ಮುಖವೇ ಸೊಟ್ಟ, ನಿಮ್ಮ ತಪ್ಪಲ್ಲ" ಅಂದಿದ್ದೆ. ಈಗ ಈ ಕಪ್ಪು ಕನ್ನಡಕವನ್ನು ಎರಡು ಸಲ ಡಬ್ಬಿಗೆ ಹಾಕಿ ಕಟ್ಟಿ, ಎರಡು ಸಲ ಬಿಚ್ಚಿದೆ. ಕಳಿಸಬೇಕೋ, ಇಲ್ಲೇ ಇಟ್ಟುಕೊಳ್ಳಬೇಕೋ, ನೀನೇ ಹೇಳು.

ಕಳೆದ ತಿಂಗಳು ಇಪ್ಪತ್ತೆಂಟರ ಶನಿವಾರ ನಿಮ್ಮ ಸಂಸ್ಥೆಯಲ್ಲಿ ಸಾರ್ವಜನಿಕರ ದಿನ ಚೆನ್ನಾಗಿ ನಡೆಯಿತಂತೆ, ಜನವೋ ಜನವಂತೆ. ಮನೆಯವರು ಬಂದರೆ ಒಳಗಿರುವವರ ಮನಸ್ಸು ಕದಡುತ್ತದೆ, ಬರಬೇಡಿ ಎಂದು ಮೇಡಂ ಹೇಳಿದ್ದರಲ್ಲ, ಅದಕ್ಕೇ ನಾವು ಬರಲಿಲ್ಲ. ಅಲ್ಲಿ ಮಕ್ಕಳು ಕೆಂಪು ಮಣ್ಣಿನ ತೊಟ್ಟಿಯಲ್ಲಿ ಆಟದ ಗಾಡಿ ಓಡಿಸುತ್ತಿದ್ದರು. ಆ ಮಣ್ಣು ಬೂಟಿನ ಹೊಲಿಗೆಯೊಳಗೆ ಸೇರಿಕೊಂಡರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಸಾಕು, ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಕಲ್ಲುಗಳು ನೀನು ಕೇಳಿದ್ದಕ್ಕೆಲ್ಲ ಬಾಯಿಬಿಡಲಿ. ನೀನು ಯಾವ ಕಡೆಯ ಬಾಗಿಲು ಹಿಡಿದರೂ ನಿನಗೆ ಒಳ್ಳೆಯದಾಗಲಿ. ಇದನ್ನು ಮನಸಾರೆ ಬರೆದಿದ್ದೇನೆ, ಮನಸ್ಸು ಒಪ್ಪಿದೆಯೋ ಇಲ್ಲವೋ ತಿಳಿಯದು.

ನಿನ್ನ,
ಕನ್ನಡಕದವ

ಪುನಶ್ಚ: ಮೇಡಂ, ಕೈಮುಗಿಯುತ್ತೇನೆ, ಇದನ್ನು ಮಾತ್ರ ಹೊಡೆಯಬೇಡಿ.

ಸಾರ್ವಜನಿಕರ ದಿನಕ್ಕೆ ನಾವು ಬಂದಿದ್ದೆವು. ಗುಬ್ಬಿ ಹಠ ಹಿಡಿದಳು, ನನಗೂ ಆ ನೆಪ ಬೇಕಾಗಿತ್ತು. ಒಳಗಿರುವವರಿಗೆ ಪ್ರಶ್ನೆ ಕೇಳುವ ಸಾಲಿನಲ್ಲಿ ಅವಳು ನಿಂತಳು. ಮೈಕಿನ ಹತ್ತಿರ ಇದ್ದ ಹುಡುಗಿ, "ಹೆಸರು ಬೇಡ ಪುಟ್ಟಾ, ವಯಸ್ಸು ಹೇಳಿ ಪ್ರಶ್ನೆ ಕೇಳು" ಎಂದಳು. ನಿನಗೆ ಅದು ಬರೀ ಅಕ್ಷರದಲ್ಲಿ ಬಂದಿರಬೇಕು: ಒಬ್ಬ ಹುಡುಗಿ, ಏಳು ವರ್ಷ, ಉಪ್ಪುಕಲ್ಲಿನ ವಿಜ್ಞಾನಿಗೆ. "ನೀವು ಮನೆಗೆ ಯಾವಾಗ ಹೋಗ್ತೀರಾ?" ಅವಳು ನಮ್ಮ ಗುಬ್ಬಿ. ನಿನ್ನನ್ನು ಬಹುವಚನದಲ್ಲಿ ಕರೆದದ್ದಕ್ಕೆ ಅವಳಿಗೇ ನಗು ಬಂತು.

ಗೋಡೆಯ ಗಡಿಯಾರ ನಲವತ್ತರಿಂದ ಇಳಿಯತೊಡಗಿತು. ಗುಬ್ಬಿ ಅದರ ಕೆಳಗೇ ಕೂತಳು, ನೀರಿಗೂ ಏಳಲಿಲ್ಲ. ಎರಡು ನಿಮಿಷ ಉಳಿದಾಗ ನಾನು ಎದ್ದು ನಿಂತೆ. ಆ ದೊಡ್ಡ ಪರದೆಯ ಮೇಲೆ ನಿನ್ನ ಮುಖ ಬಂದು, ಊರಿನವರೆಲ್ಲರ ಎದುರಿಗೆ, ಇನ್ನೂ ಎಂಟು ತಿಂಗಳು ಎಂದುಬಿಟ್ಟರೆ? "ಬಸ್ಸು ತಪ್ಪತ್ತೆ, ನಡಿ" ಎಂದು ಅವಳನ್ನು ಎತ್ತಿಕೊಂಡು ಓಡಿದೆ. ಬಸ್ಸು ತಪ್ಪುವ ಹೊತ್ತೇನೂ ಆಗಿರಲಿಲ್ಲ. ದಾರಿಯುದ್ದಕ್ಕೂ ಅತ್ತಳು. ಮನೆ ಹತ್ತಿರ ಬಂದಾಗ ನಾನು ಸುಮ್ಮನೆ ಫೋನು ಕಿವಿಗಿಟ್ಟುಕೊಂಡು ಹ್ಞೂಂ ಹ್ಞೂಂ ಎಂದು, "ಉತ್ತರ ಬಂತಂತೆ ಗುಬ್ಬಿ. ನಿನ್ನ ಹೊಸ ಹಲ್ಲು ಕಾಣಿಸಿಕೊಂಡ ಕೂಡಲೇ ಅಮ್ಮ ಹೊರಡ್ತಾಳಂತೆ" ಎಂದೆ. ಅವಳು ಅಳು ನಿಲ್ಲಿಸಿದಳು. ಹಲ್ಲು ಬರಲು ತಿಂಗಳುಗಳೇ ಆಗಬಹುದು, ಅಷ್ಟರಲ್ಲಿ ಏನಾದರೂ ದಾರಿ ಕಂಡೀತು ಎಂದುಕೊಂಡೆ.

ಅಂದು ನೀನು ಏನು ಉತ್ತರ ಹೇಳಿದೆ ಎಂದು ಸಭೆಗೆ ಬಂದವರೆಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ನಾಳೆಯ ವಾರಪತ್ರದಲ್ಲಿ ಅಚ್ಚಾಗುತ್ತದಂತೆ. ನಾನು ತೆರೆಯುವುದಿಲ್ಲ. ನೀನೇ ಬರೆ, ನಮ್ಮಿಬ್ಬರ ಹೆಸರು ಹಾಕಿ ಬರೆ. ಏನಾದರೂ ಸರಿ, ಈ ಸಲ ಓಡಿಹೋಗುವುದಿಲ್ಲ.

ಆದರೆ ಬೇಗ ಬರೆ. ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬಾಯಿತುಂಬ ನೊರೆಯಲ್ಲೇ ಕಿರುಚಿಕೊಂಡು ಬಂದಳು. ಬಗ್ಗಿ ನೋಡಿದೆ. ವಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ತುದಿ. ನನ್ನ ಅಂಗಿ ಹಿಡಿದು ಜಗ್ಗಿ ಕುಣಿಯುತ್ತಿದ್ದಾಳೆ: "ಅಪ್ಪಾ, ಅಮ್ಮ ಹೊರಟಿದಾಳೆ!"