ಕಾರಣ: ಅನುಭವ

ಮಾರ್ಚ್ 3, ಬೆಳಗ್ಗೆ 6
ಶೂ ಒರೆಸಿ ಡ್ಯೂಟಿಗೆ ಹೊರಟೆ. ಡ್ಯೂಟಿ ಎಂದರೆ ಸುಮ್ಮನೆ ಕೂರುವುದು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ಈಗ ತಾನೇ ಓಡುವ ಕಾರಿನಲ್ಲಿ ಬೆದರುಬೊಂಬೆ. ಅದು ತಪ್ಪಿದರೆ ಮಾತ್ರ ಬ್ರೇಕ್ ಒತ್ತಬೇಕು. ಕೆಲಸ ಕೊಡಿಸಿದ್ದು ಅಕ್ಕನ ಮಗಳು, ಆ ಕಾರಿಗೆ ಬುದ್ಧಿ ಕಲಿಸುವ ಇಂಜಿನಿಯರ್. ಅವಳಿಗೆ ಎರಡು ಡಿಗ್ರಿ, ನನಗೆ ಹಳ್ಳಿ ಶಾಲೆಯ ಏಳನೇ ಕ್ಲಾಸು. ಆದರೆ ರಸ್ತೆಯಲ್ಲಿ ಯಾರು ಗುರು... ಬೇಡ, ಜಂಬ ಎಂದಾರು.

ಮಾರ್ಚ್ 5
ಊಟದ ಹೊತ್ತಿಗೆ ಹುಡುಗಿ ಚರಿತ್ರೆ ಹೇಳಿದಳು. ಮೊದಮೊದಲು ರಸ್ತೆಯೊಳಗೆ ತಂತಿ ಹೂತು, ಅದರ ಜಾಡಿನಲ್ಲಿ ಕಾರು ಓಡಿಸಿ ನೋಡಿದರಂತೆ. ಆಮೇಲೆ ಕ್ಯಾಮೆರಾ. ಈಗ ನೋಡಿ ನೋಡಿ ಕಲಿಯುವ ಕಾರು.
"ಮುಂದೆ ಸ್ಟೀರಿಂಗೇ ಇರಲ್ಲ ಮಾವ."
"ನಮ್ಮಪ್ಪ ಗಾಡೀಲಿ ಗೊರಕೆ ಹೊಡೀತಿದ್ದ, ಎತ್ತು ಮನೆಗೆ ತಂದು ಬಿಡ್ತಿತ್ತು. ನಿಮ್ಮದೇನೇ ಹೊಸದು?"
ನಕ್ಕಳು. ನನಗೆ ಒಳಗೆ ಚುರುಕ್ ಎಂದಿತು. ಸ್ಟೀರಿಂಗ್ ಇಲ್ಲದ ಮೇಲೆ ನಾನೆಲ್ಲಿ ಕೂರಲಿ?

ಮಾರ್ಚ್ 11
ಬೈಸಿಕೊಂಡೆ. ಬ್ರೇಕ್ ಒತ್ತಿದಾಗಲೆಲ್ಲ ಫಾರಂನಲ್ಲಿ ಕಾರಣ ಬರೆಯಬೇಕು. ಹದಿನೇಳು ಸಲವೂ "ಅನುಭವ" ಎಂದು ಬರೆದಿದ್ದೇನೆ.
"ಅನುಭವ ಅಂದ್ರೆ ಕಾರು ಏನು ಕಲೀಬೇಕು ಮಾವ? ನಿನ್ನೆ ಆ ತಿರುವಲ್ಲಿ ಯಾಕೆ ಒತ್ತಿದ್ರಿ?"
"ಕಾಲಿಗೆ ಗೊತ್ತಾಯ್ತು."
"ಇಪ್ಪತ್ತಕ್ಕೆ ಪರೀಕ್ಷೆ. ನೀವು ಮುಟ್ಟಿದ್ರೆ ಕಾರು ಫೇಲ್. ನನ್ನ ನಾಲ್ಕು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."
ಕಾರಣ ನನಗೆ ಗೊತ್ತಿದೆ. ಬಸ್ಸಿನ ಕ್ಲೀನರ್ ಆಗಿದ್ದಾಗ ಡ್ರೈವರ್ ಗುರು ಕಿವಿ ಹಿಂಡಿ ಕಲಿಸಿದ್ದು. ಹೇಳಿಕೊಟ್ಟರೆ ಕಾರು ಕಲಿಯುತ್ತದೆ. ಕಲಿತರೆ ನನಗೇನು ಕೆಲಸ? ಹೇಳಲಿಲ್ಲ.

ಮಾರ್ಚ್ 19
ನಾಳೆ ಜೀವಕ್ಕೆ ಕುತ್ತು ಬಂದರೆ ಹೊರತು ಮುಟ್ಟುವುದಿಲ್ಲ. ಮುಟ್ಟುವುದಿಲ್ಲ.

ಮಾರ್ಚ್ 20, ಮಧ್ಯಾಹ್ನ 1
ಮುಟ್ಟಿದೆ.
ಅದೇ ತಿರುವು. ನಿಂತ ವ್ಯಾನು. ಅದರ ಅಡಿಯ ಸಂದಿಯಲ್ಲಿ ಎರಡು ಪಾದ, ಒಂದು ಊರುಗೋಲು — ರಸ್ತೆಯ ಕಡೆಗೆ. ಕಾರಿನ ವೇಗ ಇಳಿಯಲಿಲ್ಲ. ಒತ್ತಿದೆ. ವ್ಯಾನಿನ ಮರೆಯಿಂದ ಅಜ್ಜಿ ಹೊರಬಂದಳು, ಬಂಪರಿಗೆ ಒಂದೇ ಗೇಣು. ಬಾನೆಟ್ಟಿಗೆ ಕೋಲಿನಿಂದ ಒಂದು ಕೊಟ್ಟಳು. "ಕಣ್ಣು ಕಾಣಲ್ವೇನೋ?" ಕಾರಿಗೆ ಹೇಳಿದಳೋ, ನನಗೋ.
ಪರೀಕ್ಷಕ ಬರೆದ: ಫೇಲ್. ಹಿಂದಿನ ಸೀಟಿನಿಂದ ಹುಡುಗಿ ಮುಂದಕ್ಕೆ ಬಾಗಿದಳು.
"ಅಜ್ಜಿ ಕಾಣೋಕೆ ಮುಂಚೆ ಹೇಗೆ ಗೊತ್ತಾಯ್ತು ಮಾವ?"
ಹೇಳಿದೆ.
"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"
ನಾಲಗೆ ತುದಿಗೆ ಒಳ್ಳೆಯ ಸುಳ್ಳೊಂದು ಬಂತು. ನುಂಗಿದೆ. "ಕಲಿಸಿದ್ರೆ ಕೆಲಸ ಹೋಗುತ್ತೆ ಅಂತ."
ಇಳಿದು ನಡೆದೇಬಿಟ್ಟಳು.

ಮಾರ್ಚ್ 24, ಡ್ಯೂಟಿ ರೂಮು
ಜೂನಿನಲ್ಲಿ ಮರುಪರೀಕ್ಷೆ. ಹಟ ಹಿಡಿದು ಕೇಳಿ ಪಡೆದಳಂತೆ. ನಾಲ್ಕು ದಿನದಿಂದ ನನ್ನ ಜೊತೆ ಮಾತಿಲ್ಲ.
ಹಳೆಯ ಹದಿನೇಳೂ ಫಾರಂ ತರಿಸಿಕೊಂಡೆ. "ಅನುಭವ" ಹೊಡೆದುಹಾಕಿ ನಿಜ ಬರೆಯುತ್ತೇನೆ, ಒಂದೂ ಬಿಡದೆ. ಕಾರು ನನ್ನನ್ನು ಕೆಳಗಿಳಿಸಿದರೆ ಇಳಿಸಲಿ. ಅದರ ಗುರು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ.
ಬೆಳಗ್ಗೆ ಮೊದಲನೆಯದನ್ನು ಅವಳ ಮೇಜಿನ ಮೇಲಿಟ್ಟು ಬಂದೆ: ನಿಂತ ವಾಹನದ ಅಡಿಯಲ್ಲಿ ಪಾದ ನೋಡು.
ಈಗ ಬರೆಯುತ್ತಿರುವುದು ಎರಡು: ನಿಂತ ಕಾರಿನ ಮುಂಚಕ್ರ ರಸ್ತೆಯತ್ತ ತಿರುಗಿದ್ದರೆ ನಂಬಬೇಡ, ಹೊರಡುತ್ತದೆ.
ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಆ ಫಾರಂ.
"ಉಳಿದ ಹದಿನಾರು ಎಲ್ಲಿ ಮಾವ?"
"ಬರೀತಿದ್ದೀನಿ ಕಣೇ, ಕೂತ್ಕೋ."
ಮೂರು: ಬಸ್ಸು ನಿಂತ ಕಡೆ, ಇಳಿದವರಿಗಿಂತ ಮೊದಲು ಅದನ್ನು ಹಿಡಿಯಲು ಓಡಿ ಬರುವವರನ್ನು ನೋಡು.